ಮಗ್ಗದ ಒತ್ತು ನುಂಗಿದ ಪೆಟ್ಟಿಗೆ

ಹೋದ ದೀಪಾವಳಿಗೆ ಗುಳೇದಗುಡ್ಡಕ್ಕೆ ಹೋಗಿದ್ದೆ. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದ ನಮ್ಮ ಕಾಕಾ ಫೋನನ್ನು ನನ್ನ ಮುಂದೆ ಹಿಡಿದು ಕೇಳಿದರು: ‘ಯವ್ವಾ, ಇದರಾಗ ಮಗ ಎಷ್ಟು ಅಂತ ಕೇಳ್ಯಾರ. ಒಂದು ಅಂತ ತುಂಬಿ ಕಳಿಸೀನಿ. ಹೆಣ್ಮಕ್ಕಳನ್ನ ಎಲ್ಲಿ ಬರೀಬೇಕ?’

ನೇಕಾರರ ಹೆಸರು ದಾಖಲಿಸಿಕೊಳ್ಳುವ ಪುಟ ಅದು. ನೋಡಿದೆ. ಕಾಕಾ ಹೇಳಿದ್ದು ಸರಿಯಾಗೇ ಇತ್ತು. ಒಂದು ಖಾಲಿ ಚೌಕ, ಅದರ ಪಕ್ಕ ‘ಮಗ’ ಎಂಬ ಎರಡಕ್ಷರ. ಅದರ ಕೆಳಗಿನ ಸಾಲು ‘ಕಟಡ ಸಂತದೋ ಬಾಡಿಗೆಯೋ’. ಆ ‘ಕಟಡ’ ನೋಡಿದ ಕೂಡಲೇ ನನಗೆ ಹೊಳೆಯಿತು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರವನ್ನು ತೀರ ಸಣ್ಣದು ಮಾಡಿ ಮತ್ತೆ ಪುಟ ತೆರೆದೆ. ಗ ಕಾರದ ಕೆಳಗೆ ಒತ್ತು ಕಾಣಿಸಿಕೊಂಡಿತು. ಕೇಳಿದ್ದು ಮಗನನ್ನಲ್ಲ, ಮಗ್ಗವನ್ನು.

‘ಅಯ್ಯ, ಮಗ್ಗ ಎರಡು ಅದಾವಲ್ಲವಾ!’ ಎಂದರು ಕಾಕಾ. ಕಾಕಾಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಎರಡು ಮಗ್ಗ. ದಾಖಲೆಗೆ ಹೋದದ್ದು ಒಂದೇ ಮಗ್ಗ. ನಲವತ್ತು ವರ್ಷ ಖಣ ನೇಯ್ದ ಮನುಷ್ಯನ ಒಂದು ಮಗ್ಗ ಒಂದು ಒತ್ತಿನ ಜೊತೆಗೇ ಕಾಗದದಿಂದ ಮಾಯವಾಗಿತ್ತು.

ಆ ಪುಟ ಯಾರದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದೊಂದೇ ಪುಟದ ದೋಷವಾಗಿದ್ದರೆ ಪತ್ರ ಬರೆದು ಸುಮ್ಮನಾಗುತ್ತಿದ್ದೆ. ವೆಬ್ ಪುಟ ಕಟ್ಟುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇದು ಕಟ್ಟುವವರೆಲ್ಲರ ರೂಢಿಯ ದೋಷ ಎಂದು ಗೊತ್ತಿರುವುದರಿಂದಲೇ, ಕಂಪ್ಯೂಟರಿನ ಒಳಮಾತನ್ನು ದಿನಪತ್ರಿಕೆಯ ಓದುಗರ ಮುಂದೆ ತರುತ್ತಿದ್ದೇನೆ. ತಮ್ಮ ಫೋನಿನಲ್ಲಿ ಅಕ್ಷರ ಕತ್ತರಿಸಿ ಹೋಗಿರುವುದನ್ನು ಕಂಡವರು ಸಾಮಾನ್ಯವಾಗಿ ತಮ್ಮ ಫೋನೇ ಸರಿಯಿಲ್ಲ, ತಮ್ಮ ಕಣ್ಣೇ ಸರಿಯಿಲ್ಲ ಅಂದುಕೊಳ್ಳುತ್ತಾರೆ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಆ ಪುಟದ ಒಳಗನ್ನು ಬಿಚ್ಚಿ ನೋಡಿದೆ. ವೆಬ್ ಪುಟವೆಂದರೆ ಪೆಟ್ಟಿಗೆಗಳ ಜೋಡಣೆ. ಒಂದು ಸಾಲಿಗೊಂದು ಪೆಟ್ಟಿಗೆ, ಬಟನ್ನಿಗೊಂದು, ಚಿತ್ರಕ್ಕೊಂದು. ಪೆಟ್ಟಿಗೆಯೊಳಗೆ ಮತ್ತೆ ಪೆಟ್ಟಿಗೆ. ಯಾವ ಪೆಟ್ಟಿಗೆ ಎಷ್ಟಗಲ, ಎಷ್ಟೆತ್ತರ, ಅಕ್ಷರ ಎಷ್ಟು ದೊಡ್ಡದು, ಸಾಲಿನಿಂದ ಸಾಲಿಗೆ ಎಷ್ಟು ದೂರ ಎಂದು ಬ್ರೌಸರಿಗೆ ಹೇಳುವ ಭಾಷೆಯ ಹೆಸರು ಸಿಎಸ್‌ಎಸ್. ಕಾಕಾನ ‘ಮಗ್ಗ’ ಇದ್ದ ಪೆಟ್ಟಿಗೆಗೆ ಬರೆದಿದ್ದ ಆಜ್ಞೆಗಳು ಮೂರು. ಎತ್ತರ 20 ಪಿಕ್ಸೆಲ್. ಅಕ್ಷರ 14 ಪಿಕ್ಸೆಲ್. ಪೆಟ್ಟಿಗೆ ಮೀರಿ ಹೋದದ್ದನ್ನು ಮರೆಮಾಡು. ಈ ಮೂರನೆಯದನ್ನು ನಮ್ಮಲ್ಲಿ ‘ಓವರ್‌ಫ್ಲೋ ಹಿಡನ್’ ಎನ್ನುತ್ತೇವೆ.

ಕಟ್ಟಿದವರ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಂಡಿರುತ್ತದೆ. ಆದರೆ ಕಾಕಾಗೆ ಅರವತ್ತೆರಡು ವರ್ಷ. ಅವರ ಮಗ ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಟ್ಟಿದ್ದ. ಅಕ್ಷರ ಬೆಳೆಯಿತು, ಪೆಟ್ಟಿಗೆ ಬೆಳೆಯಲಿಲ್ಲ. ಮೀರಿದ್ದು ತಳದಲ್ಲಿ ಮರೆಯಾಯಿತು. ಕನ್ನಡದ ಸಾಲಿನ ತಳದಲ್ಲಿ ಇರುವುದು ಒತ್ತಕ್ಷರ.

ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಗೆರೆಯಿಂದ ಕೆಳಗೆ ಬಾಲ ಇಳಿಬಿಡುವವು ಜಿ, ಜೆ, ಪಿ, ಕ್ಯೂ, ವೈ, ಈ ಐದೇ. ಬಾಲದ ತುದಿ ಕತ್ತರಿಸಿದರೂ ಮೇಲಿನ ದೇಹ ನೋಡಿ ಓದಿಬಿಡಬಹುದು. ನಮ್ಮ ಒತ್ತು ಬಾಲವಲ್ಲ, ಅದೇ ಒಂದು ಪೂರ್ತಿ ವ್ಯಂಜನ. ಅದು ಹೋದರೆ ಹಳ್ಳಿ ಹಳಿಯಾಗುತ್ತದೆ, ಬಳ್ಳಿ ಬಳಿಯಾಗುತ್ತದೆ. ಓದುಗನಿಗೆ ತಪ್ಪು ಕಾಣುವುದೂ ಇಲ್ಲ, ಏಕೆಂದರೆ ಉಳಿದದ್ದೂ ಒಳ್ಳೆಯ ಕನ್ನಡ ಪದವೇ. ಜಿಲ್ಲೆ, ತಾಲ್ಲೂಕು ಆರಿಸುವ ಪಟ್ಟಿಗಳಲ್ಲಿ ‘ಹುಬಳಿ’ಯನ್ನೂ ‘ಚಿಕಬಳಾಪುರ’ವನ್ನೂ ನಾನು ಕಂಡಿದ್ದೇನೆ. ಪುಟದ ನೆತ್ತಿಯ ಮೇಲೆ ಭಾಷೆ ಬದಲಿಸುವ ಬಟನ್ನು ಇರುತ್ತದಲ್ಲ, ಅದರ ಮೇಲೇ ‘ಕನಡ’ ಎಂದು ಓದಿದ ದಿನ ನನಗೆ ನಿಜಕ್ಕೂ ಅಳು ಬಂದಿತ್ತು. ನಮ್ಮ ನುಡಿಯ ಹೆಸರಿನ ನಡುವೆಯೇ ಒಂದು ಒತ್ತು ಇದೆ. ಕನ್ನಡಕ್ಕಾಗಿ ಕಟ್ಟಿದ ಬಟನ್ನಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ಹೇಳದೆ ಕಟ್ಟುವವರನ್ನು ಬೈದರೆ ಅನ್ಯಾಯವಾಗುತ್ತದೆ, ನಾನೂ ಅವರಲ್ಲೊಬ್ಬಳು. 2011ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಪೆಟ್ಟಿಗೆಗಳನ್ನು ಅಕ್ಕಪಕ್ಕ ನಿಲ್ಲಿಸಲು ನಮಗಿದ್ದ ದಾರಿ ‘ಫ್ಲೋಟ್’. ಅದು ಹುಟ್ಟಿದ್ದು ಚಿತ್ರದ ಪಕ್ಕ ಬರಹ ಹರಿಯಲಿ ಎಂದು. ನಾವು ಅದರಲ್ಲಿ ಇಡೀ ಪುಟ ಕಟ್ಟುತ್ತಿದ್ದೆವು. ಮೂರು ಪೆಟ್ಟಿಗೆ ಒಂದು ಸಾಲಿನಲ್ಲಿ ನಿಂತಿವೆ ಅನ್ನಿ. ಮೊದಲನೆಯದು ಒಂದಿಷ್ಟು ಎತ್ತರ ಹೆಚ್ಚಾದರೆ ಮುಂದಿನ ಸಾಲಿನ ಪೆಟ್ಟಿಗೆ ಅದಕ್ಕೆ ಎಡವಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಸಾಲು ಸೊಟ್ಟಗಾಗುತ್ತಿತ್ತು. ಅದಕ್ಕೆ ಮದ್ದು ಒಂದೇ: ಎಲ್ಲಕ್ಕೂ ಒಂದೇ ಎತ್ತರ ಕಟ್ಟಿಬಿಡು, ಮೀರಿದ್ದನ್ನು ಮುಚ್ಚಿಬಿಡು. ಬಟನ್ನಿನ ನಡುವೆ ಅಕ್ಷರ ನಿಲ್ಲಿಸುವುದೂ ಅಷ್ಟೇ ಕಷ್ಟವಿತ್ತು. ಬಟನ್ನಿನ ಎತ್ತರ 36 ಪಿಕ್ಸೆಲ್ ಆದರೆ ಸಾಲಿನ ಎತ್ತರವನ್ನೂ 36 ಎಂದೇ ಬರೆಯುವುದು ಆಗಿನ ಉಪಾಯ. ಒಂದೇ ಸಾಲಿದ್ದರೆ ನಡುವೆ ಕೂರುತ್ತದೆ. ಕನ್ನಡದ ‘ನೋಂದಾಯಿಸಿಕೊಳ್ಳಲು ಇಲ್ಲಿ ಒತ್ತಿ’ ಎರಡು ಸಾಲಾದ ಕೂಡಲೇ ‘ಒತ್ತಿ’ ಎಂಬುದು ಬಟನ್ನಿನ ಹೊರಗೆ, ಗಾಳಿಯಲ್ಲಿ ನೇತಾಡುತ್ತದೆ.

ಅಂದು ಅದು ಅನಿವಾರ್ಯವಾಗಿತ್ತು. ಇಂದು ಅಲ್ಲ. ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ತನ್ನಷ್ಟಕ್ಕೆ ನಡುವೆ ಕೂರಿಸುವ ‘ಫ್ಲೆಕ್ಸ್’ ಬಂದು ಎಷ್ಟೋ ವರ್ಷವಾಯಿತು. ಅಡ್ಡಸಾಲು, ಉದ್ದಸಾಲು ಎರಡನ್ನೂ ಒಟ್ಟಿಗೆ ಆಳುವ ‘ಗ್ರಿಡ್’ 2017ರ ಮಾರ್ಚಿನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು. ಅದರಲ್ಲಿ ಒಂದು ಪೆಟ್ಟಿಗೆ ಬೆಳೆದರೆ ಆ ಸಾಲಿನ ಉಳಿದ ಪೆಟ್ಟಿಗೆಗಳೂ ಜೊತೆಗೇ ಬೆಳೆದು ಸಮನಾಗಿ ನಿಲ್ಲುತ್ತವೆ. ಎತ್ತರ ಕಟ್ಟದಿದ್ದರೆ ವಿನ್ಯಾಸ ಕೆಡುತ್ತದೆ ಎಂಬ ವಾದವನ್ನು ಈಗಲೂ ಮೀಟಿಂಗಿನಲ್ಲಿ ಕೇಳುತ್ತೇನೆ. ಆ ವಾದಕ್ಕೆ ಈಗ ಆಧಾರವಿಲ್ಲ. ಕಾರಣ ಹೋಗಿದೆ, ಕೈಯ ರೂಢಿ ಮಾತ್ರ ಉಳಿದಿದೆ.

ಇದನ್ನೆಲ್ಲ ಮರುದಿನ ಕಾಕಾಗೆ ಹೇಳಿದೆ. ಅವರು ಮಗ್ಗದ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡರು. ‘ಅಗಲ ಮಗ್ಗಕ್ಕ ಬಿಟ್ಟದ್ದು, ಅದನ್ನ ನಾವು ಹೆಚ್ಚು ಮಾಡಾಕ ಬರೂದಿಲ್ಲ. ಉದ್ದ ಯಾಕ ಕಟ್ಟಿ ಹಾಕಬೇಕ? ನೂಲು ಇರೂತನಕ ನೇಯ್ತೀವಿ.’

ನಾನು ಎಳೆಯರಿಗೆ ಕೆಲಸ ಕಲಿಸುವಾಗ ಈಗ ಇದನ್ನೇ ಹೇಳುತ್ತೇನೆ. ಫೋನಿನ ಅಗಲ ನಮ್ಮ ಕೈಯಲ್ಲಿಲ್ಲ. ಎತ್ತರ ಮಾತ್ರ ಎಷ್ಟು ಬೇಕಾದರೂ ಇದೆ, ಬೆರಳಿನಿಂದ ಜರುಗಿಸಿದರೆ ಆಯಿತು. ಇರುವುದನ್ನು ಯಾಕೆ ಬಿಗಿಹಿಡಿಯಬೇಕು? ಮಾತು ಇರುವ ಪೆಟ್ಟಿಗೆಗೆ ‘ಹೈಟ್’ ಬರೆಯಬೇಡಿ. ತೀರ ಬೇಕೆಂದರೆ ‘ಮಿನ್-ಹೈಟ್’ ಬರೆಯಿರಿ, ಅಂದರೆ ಇಷ್ಟಕ್ಕಿಂತ ಕಡಿಮೆಯಾಗಬೇಡ, ಬೇಕಾದರೆ ಬೆಳೆ ಎಂದು. ಒಳಗೆ ಮೇಲೂ ಕೆಳಗೂ ಒಂದಿಷ್ಟು ‘ಪ್ಯಾಡಿಂಗ್’ ಕೊಡಿ. ಕಾಕಾನ ಮಗ್ಗ ಉಳಿಯಲು ಇಷ್ಟು ಸಾಕಿತ್ತು.

ಸಾಲುಗಳ ನಡುವಿನ ಅಂತರದಲ್ಲೂ ಇದೇ ಕಥೆ. ಇಂಗ್ಲಿಷ್ ತಲೆಬರಹಕ್ಕೆ ಅಕ್ಷರದಷ್ಟೇ ಅಥವಾ ಅದಕ್ಕಿಂತ ಚೂರು ಹೆಚ್ಚು ಸಾಲೆತ್ತರ ಕೊಡುವುದು ವಾಡಿಕೆ, ಬಿಗಿಯಾಗಿ ಚೆನ್ನಾಗಿ ಕಾಣುತ್ತದೆ. ಅದೇ ಅಳತೆಯಲ್ಲಿ ಎರಡು ಸಾಲಿನ ಕನ್ನಡ ತಲೆಬರಹ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ನನ್ನ ಅನುಭವದಲ್ಲಿ ಕನ್ನಡದ ತಲೆಬರಹಕ್ಕೆ ಅಕ್ಷರದ 1.4 ಪಟ್ಟು, ಒಡಲ ಬರಹಕ್ಕೆ 1.7 ಪಟ್ಟು ಬೇಕು. ಬರೆಯುವಾಗ ಬರೀ ಸಂಖ್ಯೆ ಬರೆಯಬೇಕು, ಪಿಕ್ಸೆಲ್ ಅಲ್ಲ. ಬರೀ 1.7 ಎಂದರೆ ಪ್ರತಿ ಪೆಟ್ಟಿಗೆಯೂ ತನ್ನ ಅಕ್ಷರ ನೋಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. 24 ಪಿಕ್ಸೆಲ್ ಎಂದು ಪುಟಕ್ಕೆಲ್ಲ ಬರೆದರೆ ಅದೇ 24 ಒಳಗಿನ ದೊಡ್ಡ ತಲೆಬರಹಕ್ಕೂ ಹರಿದು ಬಂದು, 30 ಪಿಕ್ಸೆಲ್ಲಿನ ಅಕ್ಷರ 24ರ ಸಾಲಿನಲ್ಲಿ ಉಸಿರು ಕಟ್ಟಿ ನಿಲ್ಲುತ್ತದೆ. ಲಿಂಕಿನ ಅಡಿಗೆರೆಯದೂ ಇದೇ ಗೋಳು, ಅದು ಒತ್ತಿನ ನಡುವೆಯೇ ಹಾದುಹೋಗುತ್ತದೆ. ಗೆರೆಯನ್ನು ನಾಲ್ಕಾರು ಪಿಕ್ಸೆಲ್ ಕೆಳಗಿಳಿಸಲು ಈಗ ಒಂದು ಆಜ್ಞೆ ಸಾಕು.

ಗೂಗಲ್ಲಿನ ನೋಟೋ ಸಾನ್ಸ್ ಕನ್ನಡ ಅಕ್ಷರಕ್ಕೆ ‘ಯುಐ’ ಎಂದು ಇನ್ನೊಂದು ರೂಪವಿತ್ತು. ಮೆನು, ಬಟನ್ನುಗಳ ಕಡಿಮೆ ಎತ್ತರದಲ್ಲಿ ಹಿಡಿಯಲಿ ಎಂದು ಮೇಲೆ ಕೆಳಗೆ ಕುಗ್ಗಿಸಿ ಮಾಡಿದ ರೂಪ. ಮಾಡಿದವರ ಕೌಶಲಕ್ಕೆ ನನ್ನ ಗೌರವವಿದೆ. ಆದರೂ ಅದನ್ನು ನೋಡಿದಾಗಲೆಲ್ಲ ಅನಿಸುತ್ತದೆ: ಇಂಗ್ಲಿಷಿನ ಅಳತೆಯ ಪೆಟ್ಟಿಗೆ ಹಿಗ್ಗಬೇಕಿತ್ತು, ಬದಲಿಗೆ ಕನ್ನಡದ ಅಕ್ಷರ ಕುಗ್ಗಬೇಕಾಯಿತು.

ಅಗಲದ ತೊಂದರೆ ಬೇರೆ ಥರದ್ದು. ನಮ್ಮ ಪದಗಳು ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತವೆ. ‘ಗ್ರಾಮಪಂಚಾಯಿತಿಗಳಲ್ಲಿಯೂ’ ಒಂದೇ ಪದ. ‘ಪಡೆದುಕೊಳ್ಳಬಹುದಾಗಿದೆ’ ಒಂದೇ ಪದ. ಫ್ಲೆಕ್ಸಿನೊಳಗಿನ ಪೆಟ್ಟಿಗೆಗೆ ಒಂದು ಹುಟ್ಟುಗುಣವಿದೆ: ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಸಣ್ಣದಾಗಲು ಅದು ಒಪ್ಪುವುದಿಲ್ಲ. ಹೀಗಾಗಿ ಒಂದು ಪದದ ದೆಸೆಯಿಂದ ಇಡೀ ಪುಟ ಪರದೆಯ ಬಲಕ್ಕೆ ಚಾಚಿಕೊಂಡು, ಓದುಗ ಪ್ರತಿ ಸಾಲಿಗೂ ಪುಟವನ್ನು ಆಚೀಚೆ ಎಳೆಯಬೇಕಾಗುತ್ತದೆ. ‘ಮಿನ್-ವಿಡ್ತ್ ಸೊನ್ನೆ’ ಎಂದು ಬರೆದು, ಹಿಡಿಯದ ಪದವನ್ನು ಮಾತ್ರ ಮುರಿ ಎಂಬ ‘ಓವರ್‌ಫ್ಲೋ-ರ‍್ಯಾಪ್’ ಸೇರಿಸಿದರೆ ಸರಿಹೋಗುತ್ತದೆ. ಅವಸರದಲ್ಲಿ ಕೆಲವರು ‘ಬ್ರೇಕ್-ಆಲ್’ ಬರೆಯುತ್ತಾರೆ. ಅದು ಹಿಡಿಯುವ ಪದವನ್ನೂ ಸಿಕ್ಕಲ್ಲಿ ತುಂಡರಿಸುತ್ತದೆ. ‘ರಾಷ್’ ಒಂದು ಸಾಲಿನಲ್ಲಿ, ‘ಟ್ರ’ ಮುಂದಿನ ಸಾಲಿನಲ್ಲಿ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಪತ್ರಿಕೆಯ ಅಂಕಣದ ಹಾಗೆ ಎರಡೂ ಅಂಚು ಸಮ ಬರಲಿ ಎಂದು ಗಿರಾಕಿಗಳು ಕೇಳುತ್ತಾರೆ. ಅಚ್ಚಿನಲ್ಲಿ ಸಾಲಿನ ಕೊನೆಗೆ ಪದ ಹಿಡಿಯದಿದ್ದರೆ ಅದನ್ನು ಮುರಿದು ಅಡ್ಡಗೆರೆ ಹಾಕುತ್ತಾರೆ, ಆದ್ದರಿಂದ ಅಂಚು ಕೂಡಿಬರುತ್ತದೆ. ಬ್ರೌಸರು ತಾನಾಗಿ ಹಾಗೆ ಮುರಿಯುವುದಿಲ್ಲ. ಫೋನಿನಲ್ಲಿ ಒಂದು ಸಾಲಿಗೆ ನಮ್ಮ ಪದಗಳು ಮೂರೋ ನಾಲ್ಕೋ. ಅಂಚು ಸಮ ಮಾಡಿದರೆ ಆ ಮೂರು ಪದಗಳ ನಡುವೆ ಹಳ್ಳ ಬೀಳುತ್ತದೆ. ಎಡಕ್ಕೆ ಸಮ ಇರಲಿ, ಬಲಕ್ಕೆ ಹೇಗೋ ಹಾಗೆ ಬಿಡಿ.

ಇನ್ನೊಂದು ಮಾತು, ಇದು ಕಣ್ಣಿಗೆ ಕಾಣದ್ದು. ಪುಟದ ಮೊದಲಲ್ಲಿ ಇದು ಯಾವ ಭಾಷೆಯ ಪುಟ ಎಂದು ಎರಡಕ್ಷರದ ಗುರುತು ಬರೆಯಬೇಕು. ಕನ್ನಡಕ್ಕೆ ‘ಕೆ ಎನ್’. ಎಷ್ಟೋ ಕನ್ನಡ ಪುಟಗಳಲ್ಲಿ ಅಲ್ಲಿ ಇಂಗ್ಲಿಷಿನ ಗುರುತೇ ಉಳಿದಿರುತ್ತದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶ ನಂಬಿದ ಅಂಧ ಓದುಗರಿಗೆ ಆಗ ಕನ್ನಡವನ್ನು ಇಂಗ್ಲಿಷಿನ ಧ್ವನಿ ಓದಲು ಹೊರಡುತ್ತದೆ. ಪದ ಮುರಿಯುವ ನಿಯಮವೂ ಈ ಗುರುತನ್ನೇ ನೋಡುತ್ತದೆ.

ಸಿಎಸ್‌ಎಸ್ ಹುಟ್ಟಿದ ಬಗೆಯನ್ನು ನೆನೆದಾಗ ನನಗೆ ಈ ವಿಷಯದಲ್ಲಿ ಇನ್ನಷ್ಟು ಸಂಕಟವಾಗುತ್ತದೆ. 1994ರ ಅಕ್ಟೋಬರಿನಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಇದರ ಮೊದಲ ಪ್ರಸ್ತಾವವನ್ನು ಮುಂದಿಟ್ಟಾಗ ಅವರು ಇದ್ದದ್ದು ವೆಬ್ ಹುಟ್ಟಿದ ಸರ್ನ್ ಸಂಸ್ಥೆಯಲ್ಲೇ. ನೆದರ್ಲೆಂಡ್ಸಿನ ಬರ್ಟ್ ಬೋಸ್ ಜೊತೆಯಾದರು. 1996ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿ ಅಧಿಕೃತವಾಯಿತು. ಹೆಸರಿನ ಮೊದಲ ಅಕ್ಷರ ಸೂಚಿಸುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರುವುದನ್ನು. ಇಳಿದುಬರುವುದು ಏನು? ಪುಟ ಕಟ್ಟಿದವರ ಇಚ್ಛೆ ಒಂದು, ಓದುವವರ ಇಚ್ಛೆ ಇನ್ನೊಂದು. ಎರಡೂ ಕೂಡಿ ಪುಟದ ರೂಪ ಆಗಬೇಕು ಎಂಬುದು ಆ ಮೊದಲ ಪ್ರಸ್ತಾವದಲ್ಲೇ ಇತ್ತು. ಅಕ್ಷರ ದೊಡ್ಡದಿರಲಿ ಎಂಬ ಕಾಕಾನ ಇಚ್ಛೆ ಹೊರಗಿನಿಂದ ಬಂದ ತಕರಾರಲ್ಲ. ಅದಕ್ಕೆ ಜಾಗ ಕೊಡುವುದು ಈ ಭಾಷೆಯ ಹುಟ್ಟಿನಲ್ಲೇ ಇದೆ.

ನಿಯಮಕ್ಕೂ ಕೊರತೆಯಿಲ್ಲ. ಎಲ್ಲರಿಗೂ ಎಟುಕುವ ವೆಬ್ ಪುಟ ಹೇಗಿರಬೇಕು ಎಂಬುದಕ್ಕೆ ಜಗತ್ತು ಒಪ್ಪಿದ ಡಬ್ಲ್ಯುಸಿಎಜಿ ಎಂಬ ಮಾನದಂಡವಿದೆ. ಅಕ್ಷರವನ್ನು ಶೇ 200ರವರೆಗೆ ಹಿಗ್ಗಿಸಿದರೂ ಪುಟದ ವಿಷಯ ಕಳೆದುಹೋಗಬಾರದು ಎಂದು 2008ರ ಆವೃತ್ತಿಯೇ ಹೇಳುತ್ತದೆ. ಓದುಗ ಸಾಲೆತ್ತರವನ್ನು ಅಕ್ಷರದ ಒಂದೂವರೆ ಪಟ್ಟು ಮಾಡಿಕೊಂಡರೂ ಏನೂ ಮರೆಯಾಗಬಾರದು ಎಂದು 2018ರ ಆವೃತ್ತಿ ಸೇರಿಸಿತು. ಭಾರತ ಸರ್ಕಾರ ತನ್ನ ಜಾಲತಾಣಗಳಿಗೆ ಮಾರ್ಗಸೂಚಿ ತಂದದ್ದು 2009ರಲ್ಲಿ. 2023ರಲ್ಲಿ ಬಂದ ಅದರ ಮೂರನೆಯ ಆವೃತ್ತಿ ಈ ಜಾಗತಿಕ ಮಾನದಂಡವನ್ನೇ ಆಧರಿಸಿದೆ. ಕೊರತೆ ಇರುವುದು ಪರೀಕ್ಷೆಯಲ್ಲಿ. ಪರೀಕ್ಷಿಸುವವರು ಇಂಗ್ಲಿಷ್ ಪುಟವನ್ನು ಹಿಗ್ಗಿಸಿ ನೋಡಿ ಟಿಕ್ ಹಾಕುತ್ತಾರೆ. ಕನ್ನಡದ ಪುಟವನ್ನು ಹಿಗ್ಗಿಸಿ ನೋಡುವುದಿಲ್ಲ.

ವಿನ್ಯಾಸ ಶುರುವಾಗುವುದೇ ‘ಲೋರೆಮ್ ಇಪ್ಸಮ್’ ಎಂಬ ಲ್ಯಾಟಿನ್ ತುಂಬುಬರಹದಿಂದ. ಅದಕ್ಕೆ ಒತ್ತಿಲ್ಲ, ದೀರ್ಘವಿಲ್ಲ. ಪೆಟ್ಟಿಗೆಗಳ ಅಳತೆಯೆಲ್ಲ ಗಟ್ಟಿಯಾದ ಮೇಲೆ ಕೊನೆಯ ವಾರದಲ್ಲಿ ಅನುವಾದಕರಿಂದ ಕನ್ನಡ ಬರುತ್ತದೆ, ಅದನ್ನು ತುರುಕುತ್ತಾರೆ. ನನ್ನ ಮೇಜಿನ ಮೇಲೆ ಈಗ ನನ್ನದೇ ಒಂದು ತುಂಬುಬರಹವಿದೆ. ಜ್ಯೋತ್ಸ್ನಾ, ಸ್ತ್ರೀ, ರಾಷ್ಟ್ರೀಯ, ಲಕ್ಷ್ಮೀ, ತೀಕ್ಷ್ಣ, ಶ್ರೀರಂಗಪಟ್ಟಣ, ಹುಬ್ಬಳ್ಳಿ, ಗುಳೇದಗುಡ್ಡ. ಮೊದಲ ಪೆಟ್ಟಿಗೆ ಎಳೆಯುವ ದಿನವೇ ಈ ಪದಗಳನ್ನು ಅದರೊಳಗೆ ಇಡುತ್ತೇನೆ. ಜ್ಯೋತ್ಸ್ನಾ ಹಿಡಿದರೆ ಮಿಕ್ಕವೆಲ್ಲ ಹಿಡಿಯುತ್ತವೆ.

ಸರ್ಕಾರಿ ಕಚೇರಿಗಳು, ಬ್ಯಾಂಕುಗಳು, ಸಹಕಾರ ಸಂಘಗಳು ಪುಟ ಕಟ್ಟಿಸುವಾಗ ಟೆಂಡರಿನಲ್ಲಿ ಒಂದು ಸಾಲು ಸೇರಿಸಬೇಕು ಎಂಬುದು ನನ್ನ ಒತ್ತಾಯ: ಅಗ್ಗದ ಒಂದು ಫೋನಿನಲ್ಲಿ, ಅಕ್ಷರವನ್ನು ಅತಿ ದೊಡ್ಡದು ಮಾಡಿ, ಕನ್ನಡದ ಪ್ರತಿ ಪುಟವನ್ನೂ ತೋರಿಸಿದ ಮೇಲೆಯೇ ಬಿಲ್ಲು ಪಾಸು. ತೋರಿಸಬೇಕಾದದ್ದು ಎಂಜಿನಿಯರಿಗಲ್ಲ, ಆ ಪುಟ ಬಳಸುವ ಒಬ್ಬರಿಗೆ. ಅವರು ಗಟ್ಟಿಯಾಗಿ ಓದಲಿ. ಹತ್ತು ನಿಮಿಷದ ಕೆಲಸ. ಅಂಥ ಹತ್ತು ನಿಮಿಷ ಯಾರಾದರೂ ಕೊಟ್ಟಿದ್ದರೆ ಕಾಕಾ ‘ಮಗ’ ಎಂದು ಓದಿದ ಕೂಡಲೇ ತಪ್ಪು ಸಿಕ್ಕಿಬೀಳುತ್ತಿತ್ತು.

ಆ ಪುಟದವರಿಗೆ ಪತ್ರ ಬರೆದೆ. ಯಾವ ಸಾಲು ತೆಗೆಯಬೇಕು, ಯಾವ ಸಾಲು ಸೇರಿಸಬೇಕು ಎಂದು ಬರೆದು, ಕಾಕಾನ ಫೋನಿನ ಚಿತ್ರವನ್ನೂ ಇಟ್ಟೆ. ಕನ್ನಡ ಅನುವಾದವನ್ನು ತಜ್ಞರಿಂದ ಪರಿಶೀಲಿಸಲಾಗಿದೆ, ಯಾವುದೇ ತಪ್ಪು ಕಂಡುಬಂದಿಲ್ಲ ಎಂದು ಉತ್ತರ ಬಂತು. ಅನುವಾದ ಸರಿಯಾಗೇ ಇತ್ತು ಎಂದು ನಾನೂ ಬರೆದಿದ್ದೆ. ಮತ್ತೆ ಬರೆದಿದ್ದೇನೆ.

ಎರಡನೆಯ ಮಗ್ಗ ಸೇರಿಸಲು ಕಾಕಾ ತಿದ್ದುಪಡಿಯ ಅರ್ಜಿ ಹಾಕಿದ್ದಾರೆ, ಅದೂ ಅದೇ ಪುಟದಲ್ಲಿ. ಈ ಸಲ ತಪ್ಪಾಗಬಾರದೆಂದು ಫೋನಿನ ಅಕ್ಷರವನ್ನು ತೀರ ಸಣ್ಣದು ಮಾಡಿಕೊಂಡು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಒಂದೊಂದೇ ಪದವನ್ನು ಬೆರಳಿಟ್ಟು ಓದಿದರಂತೆ. ತುಂಬಿ ಮುಗಿಸಲು ಒಂದೂವರೆ ತಾಸು ಹಿಡಿಯಿತು ಎಂದು ಕಾಕಿ ಫೋನಿನಲ್ಲಿ ಹೇಳಿದಳು.